ಪಂಕ್ತಿಯಲ್ಲಿ ಪಕ್ಕಕ್ಕೆ ಯಾರು? ಬಾಡಿಗೆ ಮನೆ, ಮಾನವ ಹಕ್ಕು ಮತ್ತು ಬಹಾಯಿ ಸಮಾನತೆ

ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕಿ ಹೊರಟವರನ್ನು ಬ್ರೋಕರ್ ಮೊದಲು ಕೇಳುವುದು ಸರ್‌ನೇಮ್. ಅದಾದ ಮೇಲೆ ‘ವೆಜ್ಜೋ ನಾನ್‌ವೆಜ್ಜೋ’, ‘ಫ್ಯಾಮಿಲಿಯೋ ಬ್ಯಾಚುಲರೋ’. ಬಾಡಿಗೆ, ಡಿಪಾಜಿಟ್ಟಿನ ಮಾತು ಬರುವುದು ಇದೆಲ್ಲ ಮುಗಿದ ಮೇಲೆ. ಕರಾವಳಿಯ ಶೆಟ್ಟರಿಗೆ, ರಾಯರಿಗೆ ಇದು ಅಷ್ಟಾಗಿ ಚುಚ್ಚುವುದಿಲ್ಲ; ಹೋಟೆಲ್ ಬೋರ್ಡುಗಳಿಂದಲೇ ಈ ಊರಿಗೆ ಆ ಹೆಸರುಗಳ ಪರಿಚಯವಿದೆ. ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ಹುಡುಗನ ಅಡ್ಡಹೆಸರು ಅವನ ಹಳ್ಳಿಯ ಹೆಸರೇ ಆಗಿದ್ದರೆ ಬ್ರೋಕರ್‌ಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಆಗ ಅಪ್ಪನ ಪೂರ್ತಿ ಹೆಸರು ಕೇಳುತ್ತಾನೆ, ಮನೆದೇವರು ಯಾವುದು ಅನ್ನುತ್ತಾನೆ, ಕೊನೆಗೆ ‘ಮತ್ಲಬ್, ಆಪ್ ಲೋಗ್ ಕೌನ್?’ ಎಂದು ನೇರವಾಗಿಯೇ ಕೇಳಿಬಿಡುತ್ತಾನೆ. ಮುಸ್ಲಿಮರ ಹೆಸರಾದರೆ ಇಷ್ಟು ಸುತ್ತು ಬಳಸು ಕೂಡ ಇಲ್ಲ. ‘ಓನರ್ ತಯಾರಿದ್ದಾರೆ, ಸೊಸೈಟಿಯವರು ಒಪ್ಪಲ್ಲ.’ ಸೊಸೈಟಿ ಅಂದರೆ ಬಿಲ್ಡಿಂಗಿನ ಮನೆ ಒಡೆಯರ ಸಹಕಾರಿ ಸಂಘ.

ಈ ಮಾತನ್ನು ಯಾರೂ ಕಾಗದದ ಮೇಲೆ ಬರೆದುಕೊಡುವುದಿಲ್ಲ. ಬರೆದುಕೊಟ್ಟರೆ ಅದನ್ನು ಹಿಡಿದು ಯಾರನ್ನಾದರೂ ಕೇಳಬಹುದಿತ್ತು. ಸಂಜೆ ‘ಆ ಫ್ಲ್ಯಾಟ್ ಹೋಯ್ತು’ ಅಂತ ಫೋನ್ ಬರುತ್ತದೆ. ಮುಂದಿನ ವಾರವೂ ಅದೇ ಫ್ಲ್ಯಾಟು, ಅದೇ ಫೋಟೊ, ಅದೇ ಬಾಡಿಗೆಗೆ ಆ್ಯಪಿನಲ್ಲಿ ಕಾಣುತ್ತಲೇ ಇರುತ್ತದೆ.

ಮಾನವ ಹಕ್ಕು ಅಂದಕೂಡಲೆ ಪೊಲೀಸ್ ಲಾಠಿ, ಜೈಲು, ಸೆನ್ಸಾರು ಇಂಥವೇ ನಮ್ಮ ಕಣ್ಣ ಮುಂದೆ ಬರುತ್ತವೆ. ಈ ಊರಿನಲ್ಲಿ ದಿನಬೆಳಗಾದರೆ ನಡೆಯುವ ಹಕ್ಕಿನ ಉಲ್ಲಂಘನೆ ಮಾತ್ರ ಬಿಲ್ಡಿಂಗಿನ ಕಾಂಪೌಂಡಿನೊಳಗೆ, ಸಭ್ಯರ ಕೈಯಿಂದ, ಏರುದನಿಯ ಒಂದು ಮಾತೂ ಇಲ್ಲದೆ ನಡೆದುಹೋಗುತ್ತದೆ. ಇದನ್ನು ಕಾನೂನು ಎಷ್ಟು ದೂರ ತಡೆಯಬಲ್ಲದು, ಅದರಾಚೆಗೆ ಏನು ಬೇಕು ಎಂದು ಯೋಚಿಸುವಾಗ ನನಗೆ ಇರಾನಿನಲ್ಲಿ ಹುಟ್ಟಿದ ಬಹಾಯಿ ಧರ್ಮದ ಬೋಧನೆಗಳನ್ನು ಪಕ್ಕದಲ್ಲಿಟ್ಟು ನೋಡಬೇಕೆನ್ನಿಸಿತು. ನಾನು ಬಹಾಯಿ ಅಲ್ಲ. ಆದರೆ ಮನುಷ್ಯರೆಲ್ಲ ಒಂದೇ ಎಂಬ ಮಾತನ್ನೇ ತಮ್ಮ ಧರ್ಮದ ತಿರುಳು ಎಂದು ತಿಳಿದವರು ಒಂದೂವರೆ ಶತಮಾನದಿಂದ ಮುಂಬಯಿ, ಪುಣೆಗಳಲ್ಲಿ ನಮ್ಮ ನೆರೆಯಲ್ಲೇ ಇದ್ದಾರೆ, ಮತ್ತು ನಾವು ಅವರ ಮಾತಿಗೆ ಕಿವಿಗೊಟ್ಟದ್ದು ಬಹಳ ಕಡಿಮೆ.

ಮೊದಲು ಕಾನೂನಿನ ವಿಚಾರ. ಸಂವಿಧಾನದ 15ನೇ ವಿಧಿಯ ಮೊದಲ ಖಂಡ ಸರ್ಕಾರವನ್ನು ಕಟ್ಟಿಹಾಕುತ್ತದೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವಿಷ್ಟರ ಮೇಲೆ ಸರ್ಕಾರ ಯಾರಿಗೂ ಭೇದ ಮಾಡಕೂಡದು. ಎರಡನೆಯ ಖಂಡ ಸಾಮಾನ್ಯ ಜನರನ್ನೂ ಕಟ್ಟುತ್ತದೆ. ಅಂಗಡಿ, ಹೋಟೆಲು, ಮನರಂಜನೆಯ ಜಾಗಗಳಿಗೆ ಯಾರನ್ನೂ ಬಾರದಂತೆ ತಡೆಯುವಂತಿಲ್ಲ; ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಬಳಸದಂತೆ ತಡೆಯುವಂತಿಲ್ಲ. ಈ ಕೆರೆ, ಬಾವಿಗಳು ಸಂವಿಧಾನದೊಳಗೆ ಬಂದದ್ದರ ಹಿಂದಿನ ಕಥೆ ಮುಂಬಯಿಯ ಆಸುಪಾಸಿನದೇ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಎಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡದ ಪುರಸಭೆಯೂ ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ಘೋಷಿಸಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು, ದಂಡೆಯ ಮೇಲೆ ಮೇಲ್ಜಾತಿಯ ಊರವರು ನಿಂತಿದ್ದರು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ದಲಿತರೊಡನೆ ಹೋಗಿ ಆ ನೀರು ಕುಡಿದರು. ಜನ ಮೇಲೆ ಬಿದ್ದು ಹೊಡೆದರು, ಆಮೇಲೆ ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಕೋರ್ಟಿನ ಕೊನೆಯ ತೀರ್ಪು ದಲಿತರ ಪರ ಬರುವಷ್ಟರಲ್ಲಿ 1937 ಆಗಿತ್ತು.

ಆದ್ದರಿಂದಲೇ ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 29ರಂದು ಈ ವಿಧಿಯ ಚರ್ಚೆ ನಡೆದಾಗ ‘ಅಂಗಡಿ’ ಅಂದರೆ ಎಷ್ಟರಮಟ್ಟಿಗೆ ಎಂಬ ಪ್ರಶ್ನೆಗೆ ಅಂಬೇಡ್ಕರ್ ವಿಶಾಲವಾದ ಉತ್ತರ ಕೊಟ್ಟರು. ಶರತ್ತಿಗೆ ಒಪ್ಪುವ ಯಾರಿಗಾದರೂ ಸೇವೆ ಕೊಡಲು ತಯಾರಾಗಿ ಕೂತ ಎಲ್ಲ ಕಡೆಗೂ ಇದು ಅನ್ವಯಿಸುತ್ತದೆ ಎಂಬುದು ಅವರ ಆಶಯ. 2011ರಲ್ಲಿ ಸುಪ್ರೀಂ ಕೋರ್ಟು ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಪ್ರಕರಣದಲ್ಲಿ ಇದೇ ವಿಶಾಲ ಅರ್ಥವನ್ನು ಎತ್ತಿಹಿಡಿದು ಖಾಸಗಿ ಶಿಕ್ಷಣ ಸಂಸ್ಥೆಗಳನ್ನೂ ಅದರೊಳಗೆ ತಂದಿತು. ಬಾಡಿಗೆ ಮನೆಯ ಮಾರುಕಟ್ಟೆಯೂ ಇದರೊಳಗೇ ಬರಬೇಕು ಎಂದು ವಾದಿಸುವ ಸಂವಿಧಾನ ತಜ್ಞರಿದ್ದಾರೆ. ನನಗೂ ಅದು ಸರಿಯೆನ್ನಿಸುತ್ತದೆ. ಆದರೆ ದಾರಿಗೆ ಅಡ್ಡವಾಗಿ 2005ರ ಇನ್ನೊಂದು ತೀರ್ಪು ಕೂತಿದೆ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರಿ ಸಂಘವೊಂದು ಪಾರ್ಸಿಗಳಲ್ಲದವರಿಗೆ ಸದಸ್ಯತ್ವ ಇಲ್ಲ ಎಂದು ತನ್ನ ಉಪವಿಧಿಯಲ್ಲೇ ಬರೆದುಕೊಂಡಿತ್ತು. ಸಂಘ ಕಟ್ಟುವ ಸ್ವಾತಂತ್ರ್ಯದಲ್ಲಿ ಇದೂ ಸೇರಿದೆ, ಸಹಕಾರಿ ಸಂಘ ಸರ್ಕಾರವಲ್ಲ ಎಂದು ಸುಪ್ರೀಂ ಕೋರ್ಟು ಆ ಉಪವಿಧಿಯನ್ನು ಉಳಿಸಿತು. ಬೇಲಿ ಹಾಕಿಕೊಳ್ಳಬಯಸುವ ಎಲ್ಲರಿಗೂ ಅದು ಅಂದಿನಿಂದ ಆಸರೆಯಾಗಿದೆ. ಖಾಸಗಿ ವ್ಯವಹಾರದಲ್ಲಿ ಭೇದ ಮಾಡುವುದನ್ನು ಒಟ್ಟಾಗಿ ತಡೆಯುವ ಒಂದು ಸಮಗ್ರ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ.

ಇದೇ 1948ರ ನವೆಂಬರ್-ಡಿಸೆಂಬರ್ ದಿನಗಳಲ್ಲಿ ಪ್ಯಾರಿಸ್ಸಿನಲ್ಲಿ ಇನ್ನೊಂದು ಬರಹ ಕೊನೆಯ ರೂಪ ಪಡೆಯುತ್ತಿತ್ತು. ಡಿಸೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. 48 ದೇಶಗಳು ಪರವಾಗಿ ಮತ ಹಾಕಿದವು, ವಿರುದ್ಧ ಯಾರೂ ಇಲ್ಲ, 8 ದೇಶಗಳು ತಟಸ್ಥ. ಸೋವಿಯತ್ ಬಣದ ಆರು ದೇಶಗಳು, ವರ್ಣಭೇದದ ದಕ್ಷಿಣ ಆಫ್ರಿಕಾ, ಮತ್ತು ಸೌದಿ ಅರೇಬಿಯಾ ತಟಸ್ಥರ ಸಾಲಿನಲ್ಲಿದ್ದವು. ಭಾರತ ಪರವಾಗಿತ್ತು. ಇರಾನ್ ಕೂಡ ಪರವಾಗಿತ್ತು. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಆ ಮಾತು ಬರುತ್ತದೆ.

ಆ ಘೋಷಣೆಯಲ್ಲಿ ಮುಂಬಯಿಯ ಪಾಲೂ ಇದೆ. ಕರಡು ಸಿದ್ಧಪಡಿಸಿದ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಹಂಸಾ ಮೆಹ್ತಾ. ‘ಗಂಡಸರೆಲ್ಲ’ ಎಂದು ಅರ್ಥವಾಗಬಹುದಾಗಿದ್ದ ಮೊದಲ ವಿಧಿಯ ಮಾತನ್ನು ‘ಮನುಷ್ಯರೆಲ್ಲ’ ಎಂದು ಬದಲಿಸಬೇಕೆಂದು ಪಟ್ಟು ಹಿಡಿದವರು ಅವರು. ಚರ್ಚ್‌ಗೇಟಿನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯವನ್ನು ಮುನ್ನಡೆಸಿದವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋದವರು. ಅವರ ಪತಿ ಡಾ. ಜೀವರಾಜ ಮೆಹ್ತಾ ಪರೇಲಿನ ಕೆಇಎಂ ಆಸ್ಪತ್ರೆಯ ಮೊದಲ ಡೀನ್. ನಾಗರ ಬ್ರಾಹ್ಮಣರ ಮನೆಯ ಹುಡುಗಿ ವೈಶ್ಯ ಯುವಕನ ಕೈಹಿಡಿದದ್ದಕ್ಕೆ ಜಾತಿಯವರೆಲ್ಲ ಸಿಡಿದೆದ್ದಿದ್ದರು; ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಬೆಂಬಲಕ್ಕೆ ನಿಂತರು. ‘ಮನುಷ್ಯರೆಲ್ಲ ಸಮಾನರು’ ಎಂಬ ಸಾಲಿಗಾಗಿ ಹೋರಾಡುವ ಎರಡು ದಶಕ ಮೊದಲೇ ಆ ಹೆಣ್ಣುಮಗಳು ಅದರ ಬೆಲೆಯನ್ನು ತನ್ನ ಸ್ವಂತ ಮನೆಯಲ್ಲಿ ತೆತ್ತಿದ್ದರು.

ಘೋಷಣೆಯ ಮೊದಲ ವಿಧಿಯಲ್ಲಿ ಎರಡು ವಾಕ್ಯಗಳಿವೆ. ಎಲ್ಲರೂ ಘನತೆಯಲ್ಲೂ ಹಕ್ಕಿನಲ್ಲೂ ಸಮಾನರಾಗಿ, ಸ್ವತಂತ್ರರಾಗಿ ಹುಟ್ಟಿದ್ದಾರೆ ಎನ್ನುವ ಮೊದಲನೆಯದನ್ನು ಶಾಲಾ ಮಕ್ಕಳೂ ಬಲ್ಲರು. ಎಲ್ಲರಿಗೂ ಬುದ್ಧಿ, ಅಂತಃಸಾಕ್ಷಿಗಳಿವೆ, ಆದ್ದರಿಂದ ಒಬ್ಬರೊಡನೊಬ್ಬರು ಸೋದರಭಾವದಿಂದ ನಡೆದುಕೊಳ್ಳಬೇಕು ಎನ್ನುವ ಎರಡನೆಯದನ್ನು ನೆನೆಯುವವರು ಕಡಿಮೆ. ಕೋರ್ಟಿನಲ್ಲಿ ಅದು ನಡೆಯುವ ನಾಣ್ಯವಲ್ಲ. ಬಹಾಯಿಗಳು ಶುರುಮಾಡುವುದೇ ಆ ಎರಡನೆಯ ವಾಕ್ಯದಿಂದ. ಘೋಷಣೆಗೂ ಮೊದಲೇ, 1947ರ ಫೆಬ್ರುವರಿಯಲ್ಲಿ, ಮಾನವ ಹಕ್ಕು ಆಯೋಗದ ಮೊದಲ ಅಧಿವೇಶನಕ್ಕೆ ಅವರು ತಮ್ಮದೊಂದು ಪ್ರಕಟಣೆ ಸಲ್ಲಿಸಿದ್ದರು. ಅದರ ಶೀರ್ಷಿಕೆಯಲ್ಲೇ ಮನುಷ್ಯನ ಕರ್ತವ್ಯಗಳು ಮೊದಲು, ಹಕ್ಕುಗಳು ಆಮೇಲೆ.

ಇದನ್ನು ಕೇಳಿದಾಗ ನಮ್ಮಲ್ಲಿ ಹಲವರಿಗೆ ಒಳಗೊಳಗೇ ಅಳುಕು ಹುಟ್ಟುವುದು ಸಹಜ. ‘ಮೊದಲು ಕರ್ತವ್ಯ’ ಎಂಬ ಮಾತನ್ನು ಈ ದೇಶದಲ್ಲಿ ಶತಮಾನಗಳ ಕಾಲ ಕೆಳಗಿನವರಿಗಷ್ಟೇ ಹೇಳಲಾಗಿದೆ. ಬಹಾಯಿ ಬೋಧನೆಯಲ್ಲಿ ಅದರ ದಿಕ್ಕು ಬೇರೆ. ಬಲ ಇದ್ದವನ ಕರ್ತವ್ಯ ಅಲ್ಲಿ ಮೊದಲು ಬರುತ್ತದೆ, ಮತ್ತು ಅದನ್ನು ಅವನಿಂದ ಬಹಳ ನಿಷ್ಠುರವಾಗಿ ಕೇಳಲಾಗುತ್ತದೆ.

ಈ ಧರ್ಮ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಇರಾನಿನಲ್ಲಿ. ಮುನ್ಸೂಚಕರಾದ ಬಾಬ್ ಅವರನ್ನು 1850ರಲ್ಲಿ ತಬ್ರೀಝ್ ನಗರದಲ್ಲಿ ಗುಂಡಿಕ್ಕಿ ಕೊಂದರು. ಸ್ಥಾಪಕ ಬಹಾಉಲ್ಲಾ 1817ರಲ್ಲಿ ತೆಹರಾನಿನಲ್ಲಿ ಹುಟ್ಟಿದವರು. ಬಗ್ದಾದ್, ಇಸ್ತಾಂಬುಲ್, ಎಡಿರ್ನೆ ಎಂದು ಗಡಿಪಾರಾಗುತ್ತಾ ಹೋಗಿ, ಇಂದಿನ ಇಸ್ರೇಲಿನಲ್ಲಿರುವ ಅಕ್ಕಾ ಎಂಬ ಊರಿನ ಸೆರೆಕೋಟೆ ಸೇರಿ, 1892ರಲ್ಲಿ ಅಲ್ಲೇ ಸಮೀಪದಲ್ಲಿ ತೀರಿಕೊಂಡರು. ಎಲ್ಲರನ್ನೂ ಒಂದೇ ಮಣ್ಣಿನಿಂದ ಮಾಡಿದ್ದು ಒಬ್ಬ ಇನ್ನೊಬ್ಬನಿಗಿಂತ ಮೇಲೆ ಎಂದುಕೊಳ್ಳದಿರಲಿ ಎಂದೇ, ಎನ್ನುವುದು ಅವರ ಬೋಧನೆಯ ಸಾರ. ಗುಲಾಮರ ವ್ಯಾಪಾರವನ್ನು ಅವರು ಧರ್ಮಶಾಸನದಲ್ಲೇ ನಿಷೇಧಿಸಿದರು. ಪುರೋಹಿತ ವರ್ಗ ಬೇಡ ಎಂದರು. ಹೆಣ್ಣುಗಂಡುಗಳು ಮನುಕುಲವೆಂಬ ಹಕ್ಕಿಯ ಎರಡು ರೆಕ್ಕೆಗಳು, ಒಂದು ಸೋತರೆ ಹಕ್ಕಿ ಏರುವುದಿಲ್ಲ ಎಂದು ವಿವರಿಸಿದವರು ಅವರ ಮಗ ಅಬ್ದುಲ್ ಬಹಾ.

1848ನೆಯ ಇಸವಿಯ ಬೇಸಿಗೆಯಲ್ಲಿ ಇರಾನಿನ ಬದಷ್ತ್ ಎಂಬ ಹಳ್ಳಿಯ ತೋಟದಲ್ಲಿ ಬಾಬ್ ಅವರ ಅನುಯಾಯಿಗಳು ಸೇರಿದ್ದಾಗ ಕವಯಿತ್ರಿ ತಾಹಿರೆ ಮುಖಪರದೆ ತೆಗೆದು ಗಂಡಸರ ಸಭೆಗೆ ಬಂದರು. ನಾಲ್ಕು ವರ್ಷದ ಬಳಿಕ ಆಕೆಯನ್ನು ಕೊಂದುಹಾಕಿದರು. ಅದೇ 1848ರಲ್ಲಿ ಪುಣೆಯ ಭಿಡೆ ವಾಡಾದಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಒಬ್ಬರ ಸುದ್ದಿ ಒಬ್ಬರಿಗೆ ಮುಟ್ಟಿರುವ ಸಂಭವವಿಲ್ಲ. ಫುಲೆ 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ತೆರೆದಾಗ ಯಾವ ಶಾಸನವೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ.

ಮುಂಬಯಿಗೆ ಬಹಾಯಿಗಳು ಬಂದದ್ದು ವ್ಯಾಪಾರದ ಹಡಗುಗಳಲ್ಲಿ. 1880ರ ದಶಕದ ಹೊತ್ತಿಗೆ ಅವರ ಪರ್ಷಿಯನ್ ಗ್ರಂಥಗಳು ಇಲ್ಲಿನ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದವು. ಇರಾನಿನಲ್ಲಿ ಮುದ್ರಿಸಿದರೆ ತಲೆ ಉಳಿಯದ ಕಾಲ ಅದು. ಯಜ್ದ್ ಕಡೆಯಿಂದ ಬಂದ ಇರಾನಿ ಕುಟುಂಬಗಳಲ್ಲಿ, ಜರತುಷ್ಟ್ರ ಧರ್ಮದಿಂದ ಬಹಾಯಿಗಳಾದವರೂ ಸೇರಿ, ಹಲವರು ಮುಂಬಯಿ, ಪುಣೆಗಳಲ್ಲಿ ಚಹಾದಂಗಡಿ, ಹೋಟೆಲು ಇಟ್ಟರು. ನಮ್ಮ ಉಡುಪಿ ಹೋಟೆಲಿನವರು ಇಡ್ಲಿ ಸಾಂಬಾರು ಹಚ್ಚಿದ ಅದೇ ಬೀದಿಗಳಲ್ಲಿ ಅವರು ಬನ್ ಮಸ್ಕಾ ಹಚ್ಚುತ್ತಿದ್ದರು. ಮರೀನ್ ಲೈನ್ಸಿನಲ್ಲಿ ಅವರ ಕೇಂದ್ರವಿದೆ, ಪಂಚಗಣಿಯಲ್ಲಿ 1945ರಲ್ಲಿ ಶುರುವಾದ ನ್ಯೂ ಎರಾ ಶಾಲೆಯಿದೆ.

ಅಂಥದೊಂದು ಇರಾನಿ ಬಹಾಯಿ ಮನೆಯಲ್ಲಿ 1905ರಲ್ಲಿ ಮುಂಬಯಿಯಲ್ಲೇ ಹುಟ್ಟಿದವರು ಶಿರೀನ್ ಫೊಜ್‌ದಾರ್. ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲಿ ದುಡಿದರು. 1950ರಲ್ಲಿ ಸಿಂಗಪುರಕ್ಕೆ ಹೋಗಿ ನೆಲೆಸಿದಾಗ ಅಲ್ಲಿ ಗಂಡಸು ಎಷ್ಟು ಮದುವೆ ಬೇಕಾದರೂ ಆಗಬಹುದಿತ್ತು, ಹೆಂಡತಿಯನ್ನು ಒಂದು ಮಾತಿಗೆ ಮನೆಯಿಂದಾಚೆ ಹಾಕಬಹುದಿತ್ತು. 1952ರಲ್ಲಿ ಅಲ್ಲಿನ ಮಹಿಳಾ ಮಂಡಳಿ ಕಟ್ಟಿದವರಲ್ಲಿ ಶಿರೀನ್ ಮುಂಚೂಣಿಯಲ್ಲಿದ್ದರು. ಪತ್ರ ಬರೆದರು, ಮಂತ್ರಿಗಳ ಬೆನ್ನು ಬಿದ್ದರು, ಪಕ್ಷಗಳನ್ನೆಲ್ಲ ಬಿಡದೆ ಕಾಡಿದರು. 1961ರಲ್ಲಿ ಸಿಂಗಪುರ ‘ಮಹಿಳಾ ಸನ್ನದು’ ಕಾಯ್ದೆ ಮಾಡಿತು. ಮುಸ್ಲಿಮೇತರರಲ್ಲಿ ಬಹುಪತ್ನಿತ್ವ ಅಲ್ಲಿಗೆ ಮುಗಿಯಿತು. ನನ್ನ ವಾದಕ್ಕೆ ಈ ಹೆಣ್ಣುಮಗಳ ಬದುಕು ಮುಖ್ಯ. ಮನಸ್ಸು ಬದಲಾಗಲಿ, ಕಾಯ್ದೆಯ ಮಾತು ಆಮೇಲೆ ಎಂದು ಆಕೆ ಕೂರಲಿಲ್ಲ. ಕಾಯ್ದೆ ಆಯಿತು, ಇನ್ನು ಸಾಕು ಎಂದೂ ಕೂರಲಿಲ್ಲ.

ಬಹಾಯಿ ಸಮಾನತೆ ಆಚರಣೆಯಲ್ಲಿ ಹೇಗಿರುತ್ತದೆ ಎನ್ನುವುದಕ್ಕೆ ಒಂದು ಊಟದ ಪ್ರಸಂಗವಿದೆ. ಪಂಕ್ತಿಭೇದದ ಜಗಳ ಇನ್ನೂ ಆರದ ಕರಾವಳಿಯ ನಮಗೆ ಇದು ಬೇಗ ಅರ್ಥವಾಗುತ್ತದೆ. 1912ರ ಏಪ್ರಿಲ್ 23, ವಾಷಿಂಗ್ಟನ್. ಇರಾನಿನ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರು ಅಬ್ದುಲ್ ಬಹಾ ಅವರ ಗೌರವಾರ್ಥ ಊಟ ಏರ್ಪಡಿಸಿದ್ದರು. ಊರಿನ ಗಣ್ಯರೆಲ್ಲ ಬಂದಿದ್ದರು. ಯಾರ ಪಕ್ಕ ಯಾರು ಎಂಬುದು ಅಂತಸ್ತಿನ ಪ್ರಕಾರ ಮೊದಲೇ ನಿಗದಿಯಾಗಿತ್ತು. ಊಟಕ್ಕೆ ಮೊದಲು ಮಾತಾಡಲು ಬಂದಿದ್ದ ಕಪ್ಪು ಜನಾಂಗದ ವಕೀಲ ಲೂಯಿ ಗ್ರೆಗರಿ, ತನಗೆ ಅಲ್ಲಿ ಜಾಗವಿಲ್ಲವೆಂದು ತಿಳಿದು, ಹೊರಡಲು ಕಾಯುತ್ತಿದ್ದರು. ಅತಿಥಿಗಳೆಲ್ಲ ಕೂತಾಗ ಅಬ್ದುಲ್ ಬಹಾ ಎದ್ದು ಗ್ರೆಗರಿ ಎಲ್ಲಿ ಎಂದು ಕೇಳಿದರು. ಅವರನ್ನು ಹುಡುಕಿ ಕರೆತರುವಷ್ಟರಲ್ಲಿ ಮೇಜಿನ ಏರ್ಪಾಟನ್ನು ತಾವೇ ಬದಲಿಸಿ, ತಮ್ಮ ಬಲಗಡೆಯ ಗೌರವದ ಸ್ಥಾನವನ್ನು ಅವರಿಗೆ ಕೊಟ್ಟರು. ಯಾರನ್ನೂ ಬೈಯಲಿಲ್ಲ. ಮಾನವಕುಲದ ಏಕತೆಯ ಬಗ್ಗೆ ಮಾತಾಡುತ್ತಾ ಊಟಕ್ಕೆ ಕೂತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗ್ರೆಗರಿ, ಅಬ್ದುಲ್ ಬಹಾ ಅವರ ಪ್ರೋತ್ಸಾಹದಿಂದ, ಲೂಯಿಸಾ ಮ್ಯಾಥ್ಯೂ ಎಂಬ ಇಂಗ್ಲಿಷ್ ಬಿಳಿಯ ಮಹಿಳೆಯನ್ನು ಮದುವೆಯಾದರು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಂಥ ಮದುವೆ ಅಪರಾಧವಾಗಿತ್ತು. ಅಲ್ಲಿನ ಸುಪ್ರೀಂ ಕೋರ್ಟು ಆ ನಿಷೇಧಗಳನ್ನು ರದ್ದುಮಾಡಿದ್ದು 1967ರಲ್ಲಿ.

ಈ ನಿಲುವು ಒಬ್ಬ ಮಹನೀಯರ ಒಳ್ಳೆಯತನಕ್ಕೆ ನಿಂತುಬಿಟ್ಟಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದನ್ನವರು ನಿಯಮಕ್ಕೂ ಇಳಿಸಿದರು. ಬಹಾಯಿ ಸಮುದಾಯದಲ್ಲಿ ಪ್ರತಿ ಊರಿಗೂ ಒಂಬತ್ತು ಜನರ ಚುನಾಯಿತ ಸಭೆ ಇರುತ್ತದೆ. ಯಾರೂ ಉಮೇದುವಾರರಾಗುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಪ್ರತಿಯೊಬ್ಬ ವಯಸ್ಕ ಸದಸ್ಯನೂ ತನಗೆ ಯೋಗ್ಯರೆನಿಸಿದ ಒಂಬತ್ತು ಹೆಸರುಗಳನ್ನು ಗುಟ್ಟಾಗಿ ಬರೆದು ಹಾಕುತ್ತಾನೆ. ಇಬ್ಬರಿಗೆ ಸಮಸಮ ಮತ ಬಿದ್ದು, ಅವರಲ್ಲಿ ಒಬ್ಬರು ಆ ಸಮಾಜದ ಅಲ್ಪಸಂಖ್ಯಾತರಾಗಿದ್ದರೆ ಸ್ಥಾನ ಅವರದೇ, ಮರುಮತದಾನ ಬೇಡ ಎಂದು 1938ರಲ್ಲಿ ಅಬ್ದುಲ್ ಬಹಾ ಅವರ ಮೊಮ್ಮಗ, ಆಗ ಬಹಾಯಿಗಳ ಮುಖ್ಯಸ್ಥರಾಗಿದ್ದ ಶೋಘಿ ಎಫೆಂದಿ ಸ್ಪಷ್ಟವಾಗಿ ಬರೆದರು. ಪ್ಯಾನೆಲ್ ಕಟ್ಟಿ, ಯಾವ ಜಾತಿಯ ಎಷ್ಟು ಮತ ಎಂದು ಲೆಕ್ಕ ಹಾಕಿ ಸಂಘದ ಚುನಾವಣೆ ನಡೆಸುವ ನಮಗೆ ಇದು ಬೇರೆ ಲೋಕದ ಮಾತಿನಂತೆ ಕೇಳಿಸುತ್ತದೆ.

ಹಾಗೆಂದು ಕೊರತೆಗಳನ್ನು ಮುಚ್ಚಿಡಲಾಗದು. ಇಸ್ರೇಲಿನ ಹೈಫಾದಲ್ಲಿರುವ ಅವರ ಅತ್ಯುನ್ನತ ಸಂಸ್ಥೆಯಾದ ವಿಶ್ವ ನ್ಯಾಯ ಮಂದಿರಕ್ಕೆ 1963ರಿಂದ ಇಂದಿನವರೆಗೆ ಗಂಡಸರಷ್ಟೇ ಆಯ್ಕೆಯಾಗಬಹುದು. ಉಳಿದೆಲ್ಲ ಹುದ್ದೆಗಳೂ ಹೆಂಗಸರಿಗೆ ತೆರೆದಿವೆ. ಈ ನಿಯಮದ ಹಿಂದಿನ ಜಾಣ್ಮೆ ಮುಂದೆ ತಿಳಿಯುತ್ತದೆ ಎನ್ನುವುದು ಅವರ ವಿವರಣೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಎರಡು ರೆಕ್ಕೆಯ ಮಾತು ಹೇಳಿದವರಿಂದ ನಾವು ಹೆಚ್ಚನ್ನು ಕೇಳಬಹುದು, ಕೇಳಬೇಕು. ಮದುವೆ ಗಂಡುಹೆಣ್ಣಿನ ನಡುವೆ ಮಾತ್ರ ಎನ್ನುವ ಅವರ ಕಟ್ಟಳೆಯೂ ಸಲಿಂಗಿಗಳ ಹಕ್ಕಿನ ಪ್ರಶ್ನೆಯೆದುರು ಮುಗ್ಗರಿಸುತ್ತದೆ. ಪಕ್ಷ ರಾಜಕೀಯದಿಂದ ದೂರವಿರಬೇಕೆಂಬ ನಿಯಮದಿಂದಾಗಿ ಮಹಾಡದಂಥ ಹೋರಾಟ ಅವರ ನಡುವಿನಿಂದ ಏಳುವುದು ಕಷ್ಟ. ಸಮಾನತೆಗೆ ಅಂಬೇಡ್ಕರ್ ದಾರಿ ಬೇಡವಾಗುವಷ್ಟು ಈ ಬೋಧನೆ ತುಂಬಿಕೊಂಡಿದೆ ಎಂದು ನಾನು ಹೇಳುತ್ತಿಲ್ಲ.

ಈಗ ಇರಾನಿನ ಮಾತು. ಅಲ್ಲಿ ಸುಮಾರು ಮೂರು ಲಕ್ಷ ಬಹಾಯಿಗಳಿದ್ದಾರೆ, ಮುಸ್ಲಿಮೇತರ ಅಲ್ಪಸಂಖ್ಯಾತರಲ್ಲಿ ಅವರೇ ಹೆಚ್ಚು. ಸಂವಿಧಾನ ಮಾತ್ರ ಅವರನ್ನು ಒಂದು ಧರ್ಮದವರೆಂದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. 1979ರ ಕ್ರಾಂತಿಯ ನಂತರ 200ಕ್ಕೂ ಹೆಚ್ಚು ಬಹಾಯಿಗಳನ್ನು ಕೊಂದರು. 1983ರ ಜೂನ್ 18ರಂದು ಶಿರಾಜ್ ನಗರದಲ್ಲಿ ಹತ್ತು ಹೆಂಗಸರನ್ನು ಗಲ್ಲಿಗೇರಿಸಿದರು. ಅವರಲ್ಲಿ ಮೋನಾ ಮಹಮೂದ್‌ನಿಜಾದ್‌ಗೆ 17 ವರ್ಷ; ಹೊರಿಸಿದ ಆರೋಪಗಳಲ್ಲೊಂದು ಮಕ್ಕಳಿಗೆ ಧರ್ಮದ ಪಾಠ ಹೇಳಿದ್ದು. 1991ರಲ್ಲಿ ಅಲ್ಲಿನ ಉನ್ನತ ಸಾಂಸ್ಕೃತಿಕ ಮಂಡಳಿ ಒಂದು ಗುಪ್ತ ಟಿಪ್ಪಣಿ ಹೊರಡಿಸಿತು: ಬಹಾಯಿ ಎಂದು ಗೊತ್ತಾದವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿ, ನೌಕರಿ ಕೊಡಬೇಡಿ, ಅವರ ಏಳಿಗೆಗೆ ಅಡ್ಡ ನಿಲ್ಲಿ. ವಿಶ್ವಸಂಸ್ಥೆಯ ವಿಶೇಷ ವರದಿಗಾರರು ಎರಡು ವರ್ಷದ ನಂತರ ಅದನ್ನು ಬಯಲಿಗೆ ತಂದರು. 2020ರಲ್ಲಿ ರಾಷ್ಟ್ರೀಯ ಗುರುತಿನ ಚೀಟಿಯ ಅರ್ಜಿಯಲ್ಲಿ ಧರ್ಮದ ಕಾಲಮಿನಿಂದ ‘ಇತರೆ’ ಎನ್ನುವುದನ್ನೇ ತೆಗೆದುಹಾಕಿದರು. ಸುಳ್ಳು ಬರೆಯಬೇಕು, ಇಲ್ಲವೇ ಬ್ಯಾಂಕು, ಪಾಸ್‌ಪೋರ್ಟು ಎಲ್ಲ ಬಿಡಬೇಕು. ಬಹಾಯಿಗಳ ಮೇಲಿನ ಈ ದಬ್ಬಾಳಿಕೆ ಮಾನವೀಯತೆಯ ವಿರುದ್ಧದ ಅಪರಾಧದ ಮಟ್ಟ ಮುಟ್ಟಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ 2024ರಲ್ಲಿ ಹೇಳಿತು. 1948ರಲ್ಲಿ ಘೋಷಣೆಯ ಪರವಾಗಿ ಕೈ ಎತ್ತಿದ ದೇಶದ ಕಥೆ ಇದು.

ಕಾಲೇಜಿನ ಬಾಗಿಲು ಮುಚ್ಚಿದಾಗ ಅಲ್ಲಿನ ಬಹಾಯಿಗಳು 1987ರಲ್ಲಿ ತಮ್ಮದೇ ಉನ್ನತ ಶಿಕ್ಷಣ ಸಂಸ್ಥೆ ಕಟ್ಟಿದರು. ಕೆಲಸ ಕಳೆದುಕೊಂಡ ಪ್ರಾಧ್ಯಾಪಕರೇ ಮೇಷ್ಟ್ರುಗಳು, ಮನೆಯ ಹಜಾರವೇ ಕ್ಲಾಸು, ಯಾರದೋ ಅಡುಗೆಮನೆ ಲ್ಯಾಬು. 1998ರಲ್ಲಿ, ಮತ್ತೆ 2011ರಲ್ಲಿ ಪೊಲೀಸರು ಮನೆಮನೆ ನುಗ್ಗಿ ಪುಸ್ತಕ, ಕಂಪ್ಯೂಟರು ಹೊತ್ತೊಯ್ದರು, ಪಾಠ ಹೇಳಿದವರನ್ನು ಜೈಲಿಗೆ ಹಾಕಿದರು. ಸಂಸ್ಥೆ ಇನ್ನೂ ನಡೆಯುತ್ತಿದೆ.

ಅಲ್ಲಿ ರಾಜ್ಯವೇ ಹಗೆ, ಅಕ್ಕಪಕ್ಕದವರ ಒಳ್ಳೆಯತನ ಎಷ್ಟಿದ್ದರೂ ಸಾಲದು. ನಮ್ಮಲ್ಲಿ ಸಂವಿಧಾನ ಜೊತೆಗಿದೆ, ಅಕ್ಕಪಕ್ಕದವರು ಬಾಗಿಲು ಹಾಕುತ್ತಾರೆ. ಎರಡು ಕಡೆಯ ನೋವನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಆದರೆ ಅರ್ಜಿಯಲ್ಲಿ ತನ್ನ ಧರ್ಮದ ಹೆಸರೇ ಇಲ್ಲದ ತೆಹರಾನಿನ ಹುಡುಗಿಗೂ, ಸರ್‌ನೇಮ್ ಹೇಳಿ ಬಾಗಿಲಾಚೆ ನಿಂತ ಮೀರಾ ರೋಡಿನ ಹುಡುಗಿಗೂ ಎದುರಾಗುವುದು ಒಂದೇ ಪ್ರಶ್ನೆ: ನೀನು ಯಾರೆಂದು ಮೊದಲು ಹೇಳು, ಆಮೇಲೆ ಮನುಷ್ಯಳೋ ಅಲ್ಲವೋ ನೋಡೋಣ.

ಮುಂಬಯಿ ಕನ್ನಡಿಗರಿಗೆ ಈ ಪ್ರಶ್ನೆಯ ಏಟು ಗೊತ್ತಿರಬೇಕು. 1966ರಲ್ಲಿ ಶಿವಸೇನೆ ಹುಟ್ಟಿದ ಹೊಸದರಲ್ಲಿ ‘ಲುಂಗಿ ಹಟಾವ್’ ಘೋಷಣೆ ಕೇಳಿದ್ದು ನಮ್ಮ ಹೋಟೆಲುಗಳ ಎದುರೇ. ಕಲ್ಲು ಬಿದ್ದದ್ದು ನಮ್ಮ ಗಾಜಿನ ಕಪಾಟುಗಳಿಗೆ. ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕು 19ನೇ ವಿಧಿಯಲ್ಲಿತ್ತು, ಆ ಹೊತ್ತಿಗೆ ಅದು ಬಾಗಿಲಿಗೆ ಬಂದು ಕಾಯಲಿಲ್ಲ. ಗೋವಾದಲ್ಲಿ ಉತ್ತರ ಕರ್ನಾಟಕದ ಕೂಲಿಕಾರರನ್ನು ಇಂದಿಗೂ ‘ಘಾಟಿ’ ಎಂದು ಹೀಯಾಳಿಸುವವರಿದ್ದಾರೆ. 2004ರಲ್ಲಿ ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳನ್ನು ಬುಲ್ಡೋಜರ್ ಕೆಡವಿದಾಗ ಮಳೆಗಾಲದಲ್ಲಿ ಬೀದಿಗೆ ಬಿದ್ದವರಲ್ಲಿ ಕನ್ನಡ ಮಾತಾಡುವವರು ಬಹಳ ಮಂದಿ.

ಇಷ್ಟೆಲ್ಲ ಉಂಡವರು ನಾವು. ನಮ್ಮವರು ಒಗ್ಗಟ್ಟಿನಿಂದಲೇ ಬದುಕಿ ಉಳಿದರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್. ಮಾಟುಂಗಾದಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಮೇಲೆ ಬಂದವರ ಮೇಲೆ ಈ ರಾತ್ರಿ ಶಾಲೆಗಳ ಋಣವಿದೆ, ಅದನ್ನು ಯಾರೂ ಸಣ್ಣದು ಮಾಡಲಾಗದು. ಆದರೆ ಅಂದು ಆಸರೆಗಾಗಿ ಹಾಕಿದ ಚಪ್ಪರವನ್ನು ಇಂದು ನಾವು ಬೇಲಿಯಾಗಿ ಬಳಸುತ್ತಿದ್ದೇವೆ. ವಧೂವರರ ಸಮಾವೇಶ ಸ್ವಜಾತಿಗಷ್ಟೇ, ವಿದ್ಯಾರ್ಥಿವೇತನ ಸ್ವಜಾತಿಗಷ್ಟೇ. ಅಂದು ಚಾಳಿನ ಒಂದು ಖೋಲಿಯಲ್ಲಿ ಹತ್ತು ಜನ ಮಲಗುತ್ತಿದ್ದವರ ಮಕ್ಕಳು ಇಂದು ಡೊಂಬಿವಲಿ, ಥಾಣೆ, ಅಂಧೇರಿಗಳಲ್ಲಿ ಎರಡು ಮೂರು ಫ್ಲ್ಯಾಟಿನ ಒಡೆಯರು. ಸೊಸೈಟಿಗಳ ಸೆಕ್ರೆಟರಿ, ಚೇರ್ಮನ್ ಕುರ್ಚಿಯಲ್ಲೂ ನಮ್ಮವರಿದ್ದಾರೆ. ‘ಸೊಸೈಟಿಯವರು ಒಪ್ಪಲ್ಲ’ ಎನ್ನುವಾಗಿನ ಆ ಸೊಸೈಟಿಯವರು ಎಷ್ಟೋ ಕಡೆ ನಾವೇ.

ಆ ಕುರ್ಚಿಯಲ್ಲಿ ಕೂತವರಿಗೆ ಕಾನೂನಿನ ಅಡ್ಡಿಯೇನೂ ಇಲ್ಲ ಎಂಬುದನ್ನು ಒತ್ತಿ ಹೇಳಬೇಕು. 2005ರ ತೀರ್ಪು ಬೇಲಿ ಹಾಕಲು ಬಿಟ್ಟಿದೆ, ಹಾಕಲೇಬೇಕೆಂದು ಹೇಳಿಲ್ಲ. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 23ನೇ ಸೆಕ್ಷನ್ನು ಸಾಕಷ್ಟು ಕಾರಣವಿಲ್ಲದೆ ಅರ್ಹರಿಗೆ ಸದಸ್ಯತ್ವ ನಿರಾಕರಿಸಬಾರದು ಎನ್ನುತ್ತದೆ. ಬಾಡಿಗೆಗೆ ಕೊಡುವ ಸದಸ್ಯ ಸೊಸೈಟಿಗೆ ಮುಂಚಿತವಾಗಿ ತಿಳಿಸಿ, ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರಿನ ಪ್ರತಿ ಕೊಟ್ಟರೆ ಸಾಕು ಎನ್ನುವುದು ಮಾದರಿ ಉಪವಿಧಿಗಳ ನಿಲುವು. ಕಮಿಟಿ ಬಾಡಿಗೆದಾರನನ್ನು ಕೂರಿಸಿ ‘ಇಂಟರ್‌ವ್ಯೂ’ ಮಾಡಲಿ ಎಂದು ಅಲ್ಲಿ ಎಲ್ಲೂ ಇಲ್ಲ. ಒಡೆಯ ತಾನೇ ವಾಸವಿಲ್ಲದ ಮನೆಗೆ ಹಾಕುವ ನಾನ್-ಆಕ್ಯುಪೆನ್ಸಿ ಚಾರ್ಜು, ಪೊಲೀಸ್ ವೆರಿಫಿಕೇಷನ್, ಪಾರ್ಕಿಂಗು ಇವುಗಳ ಲೆಕ್ಕ ಕಮಿಟಿ ಕೇಳಲಿ. ಮನೆದೇವರು ಯಾರು, ಒಲೆಯ ಮೇಲೆ ಏನು ಬೇಯುತ್ತದೆ ಎನ್ನುವುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಖಾಸಗಿ ಭೇದದ ವಿರುದ್ಧ ಒಂದು ಕೇಂದ್ರ ಕಾಯ್ದೆ ಬರಲೇಬೇಕು. ಬಾಡಿಗೆ, ನೌಕರಿ, ಶಿಕ್ಷಣ ಮೂರಕ್ಕೂ ಅನ್ವಯವಾಗುವಂಥದ್ದು, ಮತ್ತು ಬಾಯಿಮಾತಿನಲ್ಲಿ ಬಾಗಿಲು ಹಾಕಿದವರನ್ನೂ ಹಿಡಿಯಬಲ್ಲಂಥದ್ದು. ಅದನ್ನು ಕೇಳುತ್ತಲೇ ಇರೋಣ. ಆ ಕಾಯ್ದೆ ಬರುವ ತನಕ, ಬಂದ ಮೇಲೂ, ಮೇಜಿನ ಏರ್ಪಾಟು ಬದಲಿಸುವ ಕೆಲಸ ಅಲ್ಲಿ ಕೂತವರದೇ. ಸೊಸೈಟಿಗಳ ವಾರ್ಷಿಕ ಸಾಮಾನ್ಯ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ನಮ್ಮ ಬಿಲ್ಡಿಂಗಿನಲ್ಲಿ ಜಾತಿ, ಧರ್ಮ, ಊಟ, ಊರು ಕೇಳಿ ಯಾರಿಗೂ ಮನೆ ನಿರಾಕರಿಸುವುದಿಲ್ಲ ಎಂಬ ಒಂದು ಸಾಲಿನ ನಿರ್ಣಯವನ್ನು ಅಜೆಂಡಾಕ್ಕೆ ಹಾಕಲು ಒಬ್ಬ ಸದಸ್ಯನ ಸಹಿಯಿರುವ ಪತ್ರವನ್ನು ಇಂದೇ ಸೆಕ್ರೆಟರಿಗೆ ಕೊಡಬಹುದು. ವಿರೋಧ ಬರುತ್ತದೆ, ಮೊದಲ ವರ್ಷ ಬಿದ್ದೂ ಹೋಗಬಹುದು. ಆದರೆ ಯಾರು ಎದ್ದು ವಿರೋಧಿಸಿದರು ಎನ್ನುವುದು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದಿರುತ್ತದೆ.